ಚಕ್ಕುಲಿಗೆ ಮೂರು ಮೊಳ

ಜೂನ್ 8, ಬೆಳಿಗ್ಗೆ 7
ಡಬ್ಬ ತೊಳೆದಾಯಿತು. ಹಳೇ ಟಿಶ್ಯೂ ಹೊರಗೆ, ಹೊಸದು ಒಳಗೆ, ನೀರಿನ ಬಟ್ಟಲು, ಮುಚ್ಚಳ — ಎರಡೇ ನಿಮಿಷ! ಮತ್ತೆ ಮಂಚದ ಕೆಳಕ್ಕೆ. ಮರ್ಫಿ ಟೌನಿನ ಒಂದೇ ಕೋಣೆಯಲ್ಲಿ ಹಾವು ಸಾಕುವುದೆಂದರೆ ಹೀಗೇ. ಕಾರ್ನ್ ಸ್ನೇಕ್, ವಿಷವಿಲ್ಲ, ಕಾಗದಪತ್ರ ಎಲ್ಲ ಸರಿಯಾಗಿದೆ. ಆದರೆ ಚಕ್ಕುಲಿ ಇವತ್ತೂ ಇಲಿಮರಿ ಮುಟ್ಟಲಿಲ್ಲ. ಐದನೇ ವಾರ. ಮೂತಿ ಬೇರೆ ತರಚಿದೆ. ಭಯವಾಗುತ್ತಿದೆ.

ಜೂನ್ 10
ಇಂದಿರಾನಗರದ ವೆಟ್ ಡಾಕ್ಟರ್ ರಾಜೇಶ್ವರಿ ಮೇಡಂ ತೂಕ ನೋಡಿದರು. ಎಪ್ಪತ್ತು ಗ್ರಾಂ ಇಳಿದಿದೆ.
"ಡಬ್ಬ ಎಷ್ಟುದ್ದ?"
"ಎರಡಡಿ ಮೇಡಂ. ಕ್ಲೀನಿಂಗ್ ಸುಲಭ..."
"ಯಾರಿಗ್ರೀ ಸುಲಭ? ಮುಚ್ಚಳಕ್ಕೆ ಉಜ್ಜಿ ಉಜ್ಜಿ ಮೂತಿ ಗಾಯ ಮಾಡ್ಕೊಂಡಿದೆ. ಮೈ ಚಾಚೋಕೆ ಜಾಗ ಕೊಡಿ. ಇಲ್ಲಾಂದ್ರೆ ಬೇರೆ ಯಾರಿಗಾದ್ರೂ ಕೊಟ್ಬಿಡಿ."
ನಾಚಿಕೆಯಾಯಿತು. ಕೊಡುವುದಾ? ಚಕ್ಕುಲಿಯನ್ನಾ? ಸಾಧ್ಯವೇ ಇಲ್ಲ!

ಜೂನ್ 11, ಸಂಜೆ
ಅಜ್ಜಿಯೇ ಅಳತೆ ತೆಗೆದಳು! ಹಲಸೂರು ಮಾರ್ಕೆಟ್ಟಿನಲ್ಲಿ ಹೂ ಮಾರುವ ಚಿಕ್ಕಮುನಿಯಮ್ಮ, ಡಬ್ಬ ಕಂಡರೇ ಮಾರು ದೂರ ನಿಲ್ಲುವವಳು! ಚಕ್ಕುಲಿ ಗೋಡೆಯುದ್ದಕ್ಕೂ ಹರಿಯುವಾಗ ಹೂ ಕಟ್ಟುವ ದಾರ ಹಿಡಿದು ಮೊಳ ಹಾಕಿದಳು.
"ಮೂರು ಮೊಳ ಐತೆ ಕಣೇ ಪೂಜಿ, ನಿನ್ ಮಗ!"
ಅಂದರೆ ನಾಲ್ಕೂವರೆ ಅಡಿ. ಮಂಚಕ್ಕೂ ಬಾಗಿಲಿಗೂ ನಡುವೆ ಅಷ್ಟೇ ಜಾಗವಿದೆ. ಹೊಸ ಪೆಟ್ಟಿಗೆ ಇಷ್ಟುದ್ದ ಇರಲಿ ಅಂತ ದಾರ ಹಾಗೇ ಒಯ್ದು ಶಿವಾಜಿನಗರದ ಬಡಗಿ ಮಂಜೂರ್ ಭಾಯ್ ಕೈಗೆ ಕೊಟ್ಟೆ.

ಜೂನ್ 19
ಪೆಟ್ಟಿಗೆ ಬಂತು!! ಗಾಜಿನ ಬಾಗಿಲು, ಒಳಗೆ ಕೊಂಬೆ... ಆದರೆ ಆ ಜಾಗದಲ್ಲಿ ಹಿಡಿಸುತ್ತಿಲ್ಲ! ಟೇಪ್ ಹಿಡಿದರೆ ಐದೂಕಾಲಡಿ.
"ದಾರ ನೀವೇ ಕೊಟ್ಟಿದ್ದಲ್ವಾ ಮೇಡಂ?" ಪಾಪ, ಮಂಜೂರ್ ಭಾಯ್ ಮುಖ ಸಣ್ಣಗಾಯಿತು.
ಅಜ್ಜಿಯತ್ತ ತಿರುಗಿದೆ.
"ಗಿರಾಕಿಗೆ ಕೊಡೋ ಹಂಗೆ ಅರ್ಧ ಮೊಳ ಕೊಸರು ಬಿಟ್ಟೆ. ಐವತ್ತು ವರ್ಷದ ಕೈ, ಕೇಳ್ಬೇಕಲ್ಲ!"
ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.
"ಒಂಬತ್ತಿಂಚು ಕಟ್ ಮಾಡ್ಕೊಡ್ಲಾ?" ಭಾಯ್ ಕೇಳಿದರು. ಹೂಂ ಅನ್ನುವುದರಲ್ಲಿದ್ದೆ.
"ಜಾಸ್ತಿ ಆಯ್ತು ಅಂತ ಹೂ ವಾಪಸ್ ಕೊಟ್ಟೋರ್ನ ನಾನು ನೋಡಿಲ್ಲಮ್ಮ," ಅಂದಳು ಅಜ್ಜಿ.
ಸರಿ. ನನ್ನ ಮಂಚವೇ ಹೊರಗೆ.

ಜೂನ್ 20
ಚಾಪೆಯಲ್ಲಿ ಮಲಗಿ ಸೊಂಟ ಹಿಡಿದಿದೆ. ಮಣ್ಣು, ಎಲೆ ಎಲ್ಲ ಜೋಡಿಸಲು ನಲವತ್ತು ನಿಮಿಷ! ಬೈದುಕೊಂಡೇ ಮಾಡಿದೆ. ಆಮೇಲೆ ಚಕ್ಕುಲಿ ಕೊಂಬೆಯಿಂದ ಇಳಿದು ಮೈ ಚಾಚಿತು. ಪೂರ್ತಿ, ನೆಟ್ಟಗೆ! ಎರಡು ವರ್ಷದಲ್ಲಿ ಅದು ಹಾಗೆ ಮಲಗಿದ್ದನ್ನು ನೋಡೇ ಇರಲಿಲ್ಲ. ಖುಷಿಗೆ ಅಳುವೇ ಬಂತು. ಊಟ ಮಾತ್ರ ಇನ್ನೂ ಇಲ್ಲ.

ಜೂನ್ 26, ಬೆಳಿಗ್ಗೆ 6.40
ಮೂತಿಯ ಗಾಯ ಒಣಗಿದೆ. ಇಲಿಮರಿಯನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಒಳಗಿಟ್ಟಿದ್ದೇನೆ. ಮಾರ್ಕೆಟ್ಟಿಗೆ ಹೊರಟ ಅಜ್ಜಿ ಹೂವಿನ ಪುಟ್ಟಿ ಇಳಿಸಿ ಪಕ್ಕದಲ್ಲೇ ಕೂತುಬಿಟ್ಟಳು. ಚಕ್ಕುಲಿ ನಾಲಿಗೆ ಆಡಿಸುತ್ತಿದೆ... ಹತ್ತಿರ ಬಂತು...
"ತಿನ್ನೋ ನನ್ನಪ್ಪಾ," ಅಜ್ಜಿ ಪಿಸುಗುಟ್ಟುತ್ತಿದ್ದಾಳೆ.
ಕತ್ತು ಹಿಂದಕ್ಕೆ ಎಳೆದುಕೊಂಡಿತು — ಅಯ್ಯೋ, ಹಿಡಿದೇಬಿಟ್ಟಿತು! ನುಂಗುತ್ತಿದೆ! ಅಜ್ಜಿ ಕೈ ಹಿಡಿದು ಎಳೆಯುತ್ತಿದ್ದಾಳೆ, ಬರೆಯಲು ಬಿಡ—