ದೇವರ ಜಗಲಿ ಮ್ಯಾಲಿನ ನೋಡ್

ನಾರಾಯಣಖೇಡ
9 ಜನವರಿ 2025, ಬೇಸ್ತವಾರ

ನನ್ನ ಸೊಸಿ ದೇವಿಕಾಗ,

ನಿನ್ನ ಅತ್ತಿ ಶಕುಂತಲಾಬಾಯಿ ಮಾಡೋ ಆಶೀರ್ವಾದ. ನಾವೆಲ್ಲ ಇಲ್ಲಿ ಆರಾಮ ಇದ್ದೀವಿ ಅಂತ ಬರೀಬೇಕು, ಕಾಗದ ಅಂದ್ರ ಹಂಗೇ ಸುರು ಆಗಬೇಕಲ್ಲ. ಬರದೀನಿ ನೋಡು, ನಂಬೋದು ಬಿಡೋದು ನಿನಗ ಬಿಟ್ಟದ್ದು. ನಿನ್ನ ಎಡಗಿವಿ ಹ್ಯಾಂಗದ? ಆ ಮಗ್ಗಲಾ ಮಲಗಿದ್ರ ಇನ್ನಾ ಗುಂಯ್ ಅಂತದೇನು? ಡಾಕ್ಟರಿಗಿ ತೋರಸು. ಗಂಡ ಹೊಡದ ಅಂತ ಹೇಳಾಕ ನಾಚಿಕಿ ಬಂದ್ರ ಅತ್ತಿ ಹೊಡದಳು ಅನ್ನು. ಅತ್ತಿ ಅಂದ್ರ ಯಾರಿಗೂ ಅನುಮಾನ ಬರಂಗಿಲ್ಲ, ಡಾಕ್ಟರಮ್ಮಗೂ ಮನ್ಯಾಗ ಒಬ್ಬಾಕಿ ಇರತಾಳ.

ಕಾಗದ ತಡಾ ಆತು, ಸಿಟ್ಟಾಗಬ್ಯಾಡ. ಎಳ್ಳಮಾಸಿ ಆದ ಮ್ಯಾಲ ಲಗೂನೇ ಬರೀಬೇಕಂತ ಇದ್ದೆ. ಆದ್ರ ಅಮರ ಮನಿ ಬಿಟ್ಟು ಕದಲವಲ್ಲ. ನೀ ಇದ್ದಾಗ ಬಾಗಲಾಕ ಹೊರಗಿಂದ ಕೀಲಿ ಜಡದು ಹೋಗತಿದ್ದ, ಈಗ ನೀ ಇಲ್ಲಂದ್ರ ಬಾಗಲದಾಗೇ ಕುಂತಾನ. ಇವತ್ತ ತೊಗರಿ ಲಾರಿ ಬಂದದ ಅಂತ ಅಡತಿ ಅಂಗಡಿಗಿ ಹೋಗ್ಯಾನ, ಹಂಗಾಗಿ ನಡು ಮಧ್ಯಾಹ್ನದಾಗ ಬರಿಯಾಕ ಹತ್ತೀನಿ. ಬಂದ್ರೂ ಏನಿಲ್ಲ. ನನ್ನ ಮಗಗ ಕನ್ನಡ ಮಾತಾಡಾಕ ಬರತದ, ಬೈಯಾಕ ಅಂತೂ ಭಾಳ ಛಂದ ಬರತದ, ಓದಾಕ ಬರಂಗಿಲ್ಲ. ತೆಲುಗು ಸಾಲಿ ಕಲತಾಂವ. ಏನ್ ಬರಿಯಾಕ ಹತ್ತಿ ಅಂತ ಕೇಳಿದ್ರ, ಭಜನಿ ಪದ ಅಂತೀನಿ.

ಈಗ ನಡದದ್ದು ಹೇಳತೀನಿ. ಪೂರಾ ಓದು. ನಡುವ ಎದ್ದು ಬಾಗಲಾ ನೋಡಾಕ ಹೋಗಬ್ಯಾಡ.

ಎಳ್ಳಮಾಸಿ ಮುಂದ ಒಂದು ಮುಂಜಾನಿ, ಮನ್ಯಾಗ ಇಂಟರ್ನೆಟ್ ನಿಧಾನ ನಡದದ ಅಂತ ಅಮರ ಮೊಬೈಲ್ ಅಂಗಡಿ ಬಾಲರಾಜನ್ನ ಕರಕೊಂಡು ಬಂದ. ಆ ಬಾಲರಾಜ ಒಂದು ವೈರು ಹಿಡಕೊಂಡು ಹೊಂಟ್ರ ಅದು ಸೀದಾ ದೇವರ ಜಗಲಿಗಿ ಮುಟ್ಟಿತು. ಫೋಟೋ ಹಿಂದಿನ ಅರಿವಿ ಸರಿಸಿದ. ನೀ ಇಟ್ಟು ಹೋದ ಡಬ್ಬಿಯ ಹಸರು ದೀಪ ಮಿಣಿಮಿಣಿ ಅನ್ನಾಕ ಹತ್ತಿತ್ತು.

"ಅಣ್ಣಾ, ನಿಮ್ಮ ದೇವರು ಹಗಲೂ ರಾತ್ರಿ ಆನ್‌ಲೈನ್ ಇರತಾರಲ್ರಿ!" ಅಂದ.

"ಇದೇನವ್ವಾ?" ಅಂದ ಅಮರ.

"ನೋಡ್," ಅಂದೆ.

"ನೋಡಾಕೇ ಹತ್ತೀನಿ. ಏನದು?"

"ನೋಡ್ ಅಂದ್ನಲ್ಲೋ."

"ಅವ್ವಾ, ತಲಿ ಕೆಡಸಬ್ಯಾಡ ನೋಡು!"

"ಹಾಂ, ಈಗ ಬರೋಬರ್ ಅಂದಿ."

ನೀ ಅದರ ಹೆಸರು ಹೇಳಿಕೊಟ್ಟ ದಿನದಿಂದ ಈ ಮಾತಿಗಿ ಕಾಯಾಕ ಹತ್ತಿದ್ದೆ. ಆದ್ರ ಬಾಲರಾಜ ನನ್ನ ತಮಾಷಾ ಮಣ್ಣಾಗ ಹಾಕಿದ. "ಆಯಿ ಖರೇನ ಹೇಳಾಕ ಹತ್ಯಾರಣ್ಣಾ. ಇದರ ಹೆಸರೇ ನೋಡ್. ಬಿಟ್‌ಕಾಯಿನ್ ಅಂತ ಬ್ಯಾಂಕಿಲ್ಲದ ಇಂಟರ್ನೆಟ್ ರೊಕ್ಕ ಅದಲ್ರಿ, ಅದರ ಲೆಕ್ಕ ನೋಡಕೊಳ್ಳೋ ಮಶಿನ್."

ಬಿಟ್‌ಕಾಯಿನ್ ಅಂದದ್ದೇ ತಡ ಅಮರನ ಮಾರಿ ಬದಲಾತು. ನೀ ಪರದೇಶದ ಮಂದಿ ಕೆಲಸ ಕಂಪ್ಯೂಟರದಾಗ ಮಾಡತಿದ್ದಿ ಅಂತ ಅವಗ ಗೊತ್ತಿತ್ತು. ಪಗಾರ ಬ್ಯಾಂಕಿಗಿ ಬಂದ್ರ ಮೆಸೇಜು ಅವನ ಫೋನಿಗಿ, ರೊಕ್ಕ ಅವನ ಕಿಸೇಕ. ಆಮ್ಯಾಲ ಬ್ಯಾಂಕಿಗಿ ಪಗಾರ ಬರೋದೇ ನಿಂತಿತ್ತು; ಅದನ್ನ ನೀ ಬಿಟ್‌ಕಾಯಿನ್‌ದಾಗ ತಗೊಳ್ಳಾಕ ಹತ್ತಿದ್ದಿ ಅನ್ನೋದು ಆ ಮುಂಜಾನಿ ಅವಗ ತಿಳೀತು.

ನೀ ಹೋಗೋ ಮುಂದ ಅಡಗಿ ಮನ್ಯಾಗ ಕುಂತು ನನಗ ತಿಳಿಸಿ ಹೇಳಿದ್ದಿ. ರೊಕ್ಕ ಬಂತೋ ಇಲ್ಲೋ ಅಂತ ಬ್ಯಾರೆಯವರ ಮಶಿನ್ನಿಗಿ ಕೇಳಿದ್ರ, ಕೇಳಿದಾಕಿ ಯಾರು, ಎಲ್ಲಿದ್ದಾಳ ಅಂತ ಅದಕ ಸುಳಿವು ಸಿಗತದ. ಸ್ವಂತದ್ದಿದ್ರ ಯಾರ ಹಂಗೂ ಇಲ್ಲ. ಮ್ಯಾಲ ಟಾರ್ ದಾರಿಲೆ ಬಂದ್ರ ಸ್ವಂತ ಮಶಿನ್ನಿಗೂ ನೀ ಎಲ್ಲಿದ್ದಿ ಗೊತ್ತಾಗಂಗಿಲ್ಲ. ಟಾರ್ ಅಂದ್ರ ಡಾಂಬರು ಹಾಕಿದ್ದೇನ ಅಂದೆ. "ಇಲ್ರಿ ಅತ್ತಿ, ಉಳ್ಳಾಗಡ್ಡಿ ಇದ್ದಂಗ. ಪದರಿನ ಮ್ಯಾಲ ಪದರು. ಒಬ್ಬರ ಕೈಲಿಂದ ಒಬ್ಬರ ಕೈಗಿ ಹೋಗತದ, ಯಾರಿಗೂ ಪೂರಾ ದಾರಿ ಗೊತ್ತಿರಂಗಿಲ್ಲ," ಅಂದಿ. ಅದನ್ನ ಕೇಳೇ ನಾನೂ ಕಾಗದ ಹಂಗೇ ಕಳಸಾಕ ಹತ್ತಿದ್ದು, ಪಾಕೀಟಿನಾಗ ಪಾಕೀಟು. ನನಗ ಜಹೀರಾಬಾದಿನ ಚಂದ್ರಾಬಾಯಿ ಗೊತ್ತು, ನನ್ನ ತವರಿನ ಗೆಳತಿ. ಅಕಿಗಿ ಮುಂದಿನಾಕಿ ಗೊತ್ತು. ಮುಂದಿನಾಕಿಗಿ ನೀ ಗೊತ್ತು.

ಬಾಲರಾಜ ತನ್ನ ಲ್ಯಾಪ್‌ಟಾಪ್ ತಂದು ಡಬ್ಬಿಗಿ ಹಚ್ಚಿದ. ಏನೇನೋ ಕುಟ್ಟಿದ. ನಾ ಕುಂಕುಮದ ಬಟ್ಟಲ ಒರಸಿದ್ದೇ ಒರಸಿದ್ದು.

"ಅಣ್ಣಾ, ಯಾರೋ ದಿನಾ ಇದಕ ಬಂದು ಹೋಗ್ಯಾರ."

"ಎಲ್ಲಿಂದ?"

"ಅದೇ ತಿಳೀವಲ್ದು. ಎಲ್ಲಾ ಇಲ್ಲಿಂದೇ ಬಂದಂಗ ತೋರಸ್ತದ. ಇದೇ ಮನಿಯೊಳಗಿಂದ."

ಉಳ್ಳಾಗಡ್ಡಿ ದಾರಿಲೆ ಬಂದಾವ್ರು ಕಡೀಕ ಮನಿ ಮಂದಿಯಂಗೇ ಒಳಗಿನ ಬಾಗಲಾ ಬಡೀತಾರ ಅಂತ ನೀ ಹೇಳಿದ್ದಿ. ಬಾಲರಾಜಗ ಅಷ್ಟು ವಿದ್ಯಾ ಇಲ್ಲ. ಅಮರಗ ಅಂತೂ ಇಲ್ಲೇ ಇಲ್ಲ. ನನ್ನ ಕಡೀಗಿ ಹೊಳ್ಳಿ, "ಎಲ್ಲಿ ಮುಚ್ಚಿಟ್ಟೀ ಅಕೀನ್ನ?" ಅಂದ.

ಹುಡಕಾಕ ಸುರು ಮಾಡಿದ ನೋಡು! ಅಟ್ಟ ಹತ್ತಿದ, ಬಚ್ಚಲಾ ನೋಡಿದ, ಕೌದಿ ಗಂಟೆಲ್ಲ ಬಿಚ್ಚಿ ಝಾಡಿಸಿದ. ನಾ ಹೊಟ್ಟಿ ಹಿಡಕೊಂಡು ನಗಾಕ ಹತ್ತಿದೆ. "ಉಪ್ಪಿನಕಾಯಿ ಭರಣಿ ಬಿಟ್ಟಿ ನೋಡೋ, ಅದರಾಗ ಇದ್ರೂ ಇದ್ದಾಳು," ಅಂದೆ. ಅವ ಜ್ವಾಳದ ಗುಮ್ಮಿ ಮುಚ್ಚಳಾ ತಗದು ಒಳಗ ತಲಿ ಹಾಕಿದ. ಹಾಕಿ, "ದೇವಿಕಾ," ಅಂದ.

ಬೈಯೋ ಧ್ವನಿ ಅಲ್ಲ ಅದು. ಲಗ್ನ ಆದ ಹೊಸದಾಗಿ ಕರೀತಿದ್ನಲ್ಲ, ಆ ಧ್ವನಿ. ನನ್ನ ನಗು ಅಲ್ಲೇ ಬಂದ್ ಆತು.

ಗುಮ್ಮಿಯಿಂದ ತಲಿ ತಗದಾಂವ ಸೀದಾ ಜಗಲಿಗಿ ಬಂದು ಡಬ್ಬಿ ವೈರಿಗಿ ಕೈ ಹಾಕಿದ. ನಾ ಅಡ್ಡ ನಿಂತೆ. ಸರಿ ಅಂದ. ಸರಿಯಂಗಿಲ್ಲ ಅಂದೆ. ಕೈ ಎತ್ತಿದ. ಆ ಕೈ ನಿನಗ ಗೊತ್ತದ. ಅಷ್ಟರಾಗ ಬಾಲರಾಜ ಅಂದ, "ಅಣ್ಣಾ, ಕೀಳಬ್ಯಾಡ್ರಿ! ಅಕ್ಕ ಬರೋದು ಇದೊಂದೇ ಬಾಗಲಾ. ಬಂದ್ ಮಾಡಿದ್ರ ಇದ್ದದ್ದೂ ಹೋತು." ಎತ್ತಿದ ಕೈ ಇಳೀತು.

ಮರುದಿನ ಏನ್ ತಂದ ಅಂತಿ? ಇನ್ವರ್ಟರ್ ಬ್ಯಾಟರಿ. "ಕರೆಂಟ್ ಹೋದ್ರೂ ಇದು ಆರಬಾರದು," ಅಂದ. ನೀ ಹೋದಾಗಿಂದ ಕದ್ದು ಮುಚ್ಚಿ ಆ ಡಬ್ಬಿ ನಾ ಕಾದೆ, ದೇವಿಕಾ. ಈಗ ಅವ ಕಾಯಾಕ ಹತ್ಯಾನ. ದಿನಾ ಅರಿವೀಲೆ ಧೂಳು ಒರಸ್ತಾನ. ನಿನ್ನ ಮಾರಿ ಮ್ಯಾಲಿನ ಬೆವರು ಒಂದಿನಾ ಒರಸದಾಂವ!

ಇದಿಷ್ಟೇ ಆಗಿದ್ರ ನಾ ಹೆದರತಿದ್ದಿಲ್ಲ. ನಿನ್ನ ಡಬ್ಬಿ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟದ್ದು ನನ್ನ ಬುತ್ತಿ.

ಎಳ್ಳಮಾಸಿಗಿ ಸಜ್ಜಿ ರೊಟ್ಟಿ, ಬಜ್ಜಿ, ಕಡಬು ಮಾಡಿದೆ. ಮನಿ ಹೆಣಮಗಳು ಎಲ್ಲೇ ಇರಲಿ, ಎಳ್ಳಮಾಸಿ ಬುತ್ತಿ ಮುಟ್ಟದೆ ನನ್ನ ಗಂಟಲದಾಗ ತುತ್ತು ಇಳೀತದೇನು? ನಿಮ್ಮ ಮಾವನ ಹಳೀ ರುಮಾಲಿನ ತುಂಡಿನಾಗ ಕಟ್ಟಿ, ಕಂಡಕ್ಟರ್ ಈಶಪ್ಪನ ಕೈಲೆ ಜಹೀರಾಬಾದ್ ಬಸ್ಸಿಗಿ ಹಾಕಿದೆ. ಕಾಗದಕ ಪಾಕೀಟಿನಾಗ ಪಾಕೀಟು ಹಾಕೋ ಶಾಣ್ಯಾಕಿ, ಬುತ್ತಿ ಮಾತ್ರ ಊರ ಮಂದಿ ಮುಂದೇ ಕೊಟ್ಟು ಬಂದೆ. ಬುತ್ತಿಗಿ ಯಾರಾದ್ರೂ ಪಹರೆ ಹಾಕ್ತಾರೇನು ಅಂತ!

ಅಮರ ನನ್ನ ಹೊಟ್ಟೀಲೆ ಹುಟ್ಟಿದಾಂವ. ಮಶಿನ್ ಗೊತ್ತಿಲ್ಲ ಅವಗ, ಅವ್ವ ಗೊತ್ತು. ಎರಡು ದಿನ ಬಿಟ್ಟು ಸಂಜೀಕ ಬಸ್ ಸ್ಟ್ಯಾಂಡಿಗಿ ಹೋಗಿ, "ಈಶಪ್ಪಣ್ಣಾ, ನಮ್ಮವ್ವನ ಬುತ್ತಿ ಬರೋಬರ್ ಮುಟ್ಟಿತೇನ್ರಿ?" ಅಂದಾನ. ಆ ಪಾಪದಾಂವ, "ಚಂದ್ರಾಬಾಯಿಯವರ ಕೈಗೇ ಕೊಟ್ಟೀನಪ್ಪ. ಏನ್ ಭಾರ ಇತ್ತೋ ಮಾರಾಯ, ನಿಮ್ಮವ್ವ ಊರಿಗೆಲ್ಲ ಕಟ್ಯಾಳೇನು?" ಅಂದಾನ.

ಮರುದಿನ ಇವ ಜಹೀರಾಬಾದಿಗಿ ಹೋದ. ಚಂದ್ರಾಬಾಯಿ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಚಿಗವ್ವಾ ಅಂದ. ಹಸದು ಬಂದೀನಿ ಅಂದ. ಅಕಿ ತಾಟು ಹಚ್ಚಿ ಕೊಟ್ಟಳು. ಎರಡು ತುತ್ತು ಉಂಡು, "ಅವ್ವನ ಬುತ್ತಿ ಮುಂದ ಯಾರಿಗಿ ಕಳಿಸಿದಿ ಚಿಗವ್ವಾ?" ಅಂದ. ಚಂದ್ರಾಬಾಯಿ ತಾಟಿಗಿ ಇನ್ನೊಂದು ರೊಟ್ಟಿ ಹಾಕಿದಳು. ಅವ ಕೈಯಾಗಿನ ತುತ್ತು ತಾಟಿನಾಗ ಹೊಳ್ಳಿ ಇಟ್ಟ. "ಹೇಳಂಗಿಲ್ಲ ಅಂದ್ರ ನಾ ಉಣ್ಣಂಗಿಲ್ಲ," ಅಂತ ಎದ್ದು ನಿಂತ.

ಉಣ್ಣೋ ತಾಟು ಬಿಟ್ಟು ಎದ್ದ ಮನಿಗಿ ಏಳಿಗಿ ಇಲ್ಲ ಅಂತ ಬೆಳದ ಮಂದಿ ನಾವು. ಪೋಲೀಸರು ಬಡದು ಕೇಳಿದ್ರೂ ಚಂದ್ರಾ ಹೇಳತಿದ್ದಿಲ್ಲ. ತಾಟು ಬಿಟ್ಟು ಎದ್ದದ್ದು ತಡಕೊಳ್ಳಲಿಲ್ಲ. "ಕುಂದರೋ ನಮ್ಮಪ್ಪಾ, ತಾಂಡೂರದಾಗ ಕೌಶಲ್ಯಾ ಅಂತ, ಪಾಲಿಶ್ ಕಲ್ಲಿನ ಕಾರ್ಖಾನಿ ಹಿಂದ ಅಕಿ ಮನಿ, ಉಣ್ಣು," ಅಂದುಬಿಟ್ಟಳು. ಅವ ಕುಂತು ತಾಟು ತೊಳದಂಗ ಉಂಡು ಎದ್ದನಂತ.

ಅವ ಹೊಸ್ತಿಲಾ ದಾಟೋದ್ರಾಗ ಚಂದ್ರಾ ಕೌಶಲ್ಯಾಗ ಫೋನ್ ಮಾಡಿದಳು. ಅಕಿ ಇದ್ದದ್ದು ಇದ್ದಂಗೇ ಬಿಟ್ಟು ಕೀಲಿ ಹಾಕಿ ಹೋದಳು. ಅಮರ ಹೋಗಿ ಸಂಜೀತನಕ ಅಕಿ ಕಟ್ಟಿ ಮ್ಯಾಲ ಕುಂತ. ಅಂಗಳದಾಗ ಹಗ್ಗದ ಮ್ಯಾಲ ನಿಮ್ಮ ಮಾವನ ರುಮಾಲಿನ ತುಂಡು ಒಣಗಾಕ ಹತ್ತಿತ್ತು.

ಅದನ್ನ ತಗೊಂಡು ಬಂದ. ಮನಿ ಒಡದು ಹಾಕತಾನ ಅಂತ ನಾ ಭಾಂಡಿ ಸೈತ ಎತ್ತಿಟ್ಟಿದ್ದೆ. ಏನೂ ಒಡೀಲಿಲ್ಲ. ಅರಿವಿ ನನ್ನ ಉಡಿಯಾಗ ಇಟ್ಟ.

"ತೊಳದು ಹಾಕ್ಯಾರವ್ವಾ. ರೊಟ್ಟಿ ಮುಟ್ಯಾವ."

"ಯಾರಿಗೋ?" ಅಂದೆ.

"ಚ್ಯಾಷ್ಟಿ ಸಾಕು ಮಾಡು."

ಅವತ್ತಿಂದ ಹೊಡಿಯಂಗಿಲ್ಲ, ಬೈಯಂಗಿಲ್ಲ, ಕುಡಿಯಂಗಿಲ್ಲ. ದಿನಾ ಸಂಜೀಕ ಜಗಲಿ ಮುಂದ ಚಾಪಿ ಹಾಸಿ ದೀಪ ನೋಡಕೋತ ಕುಂದರ್ತಾನ. "ಈಗ ಮಿಣುಕ್ತಲ್ಲವ್ವಾ, ಅಕೀನೇ ಏನು?" ಅಂತಾನ. ಅದು ಲೋಕದ ಮಂದಿಗೆಲ್ಲ ಮಿಣುಕತದ ಅಂತ ನೀ ನನಗ ಹೇಳಿದ್ದಿ. ನಾನೂ ಎಲ್ಲಿ ನಂಬಿದ್ದೆ? ಮಿಣುಕಿದಾಗೊಮ್ಮೆ ನೀನೇ ಬಂದಿ ಅಂತ ನಾನೂ ತಿಳಕೋತಿದ್ದೆ. ಈಗ ಅವ್ವ ಮಗ ಇಬ್ಬರೂ ಒಂದೇ ದೀಪ ನೋಡತೀವಿ.

ಇನ್ನ ಕಿವಿಗೊಟ್ಟು ಕೇಳು, ಚಲೋ ಇದ್ದ ಕಿವಿ ಕೊಡು. ಬರೋ ಐತವಾರ ಅವ ಮತ್ತ ತಾಂಡೂರಿಗಿ ಹೋಗಾಂವ ಇದ್ದಾನ. ಕೌಶಲ್ಯಾನ ಮನಿ ಕಡೀಗಿ ಸುಳೀಬ್ಯಾಡ. ನೀ ತಾಂಡೂರದಾಗೇ ಇದ್ರ ಈ ಕಾಗದ ಮಡಚೋ ಮೊದಲ ಊರು ಬಿಡು. ಅಲ್ಲಿ ಇಲ್ಲಂದ್ರ, ಇಲ್ಲ ಅಂತ ನನಗ ಹೇಳಾಕ ಬರಬ್ಯಾಡ.

ಡಬ್ಬಿಗೂ ಬರಬ್ಯಾಡ. ಬಾಲರಾಜ ಮೊನ್ನಿ ಹೊಳ್ಳಿ ಬಂದು ಅದರೊಳಗ ಏನೋ ಹಾಕಿ ಹೋಗ್ಯಾನ. ಅದು ಪುಂಗಿಯೋ ಖರೆ ವಿದ್ಯಾನೋ ನನಗ ತಿಳಿಯಂಗಿಲ್ಲ. ತಿಳೀಲಾರದ್ದಕ್ಕೇ ಹೇಳತೀನಿ, ಬ್ಯಾರೆ ಕಡೆ ಬ್ಯಾರೆ ನೋಡ್ ಮಾಡಕೋ, ಇದರ ಬಾಗಲಾ ಬಡೀಬ್ಯಾಡ. ನೀ ಬರಂಗಿಲ್ಲ ಅಂತ ನಾ ಅಮರಗ ಹೇಳಂಗಿಲ್ಲ. ಒರಸಲಿ, ಬ್ಯಾಟರಿ ಬದಲಿ ಮಾಡಲಿ, ಖಾಲಿ ಬಾಗಲಾ ಕಾಯಲಿ. ಅಷ್ಟು ದಿನ ನಿನ್ನ ಹಿಂದ ಬೀಳಂಗಿಲ್ಲ. ಬೀಗರ ಪಾನಿನಾಗ ಖಾರ ಹಾಕಿದಾಕಿ ನಾ, ನನ್ನ ಗಂಡನ ಚಪ್ಪಲಿಗಿ ಬೆಲ್ಲ ಹಚ್ಚಿ ಇರಿವಿ ಹತ್ತಿಸಿದಾಕಿ. ಇಂಥಾ ಚ್ಯಾಷ್ಟಿ ಎಂದೂ ಮಾಡಿದ್ದಿಲ್ಲ. ಮಾಡಿ ನಗು ಬರಲಾರದ್ದು ಇದೇ ಮೊದಲು.

ಈ ಕಾಗದ ಒಯ್ಯಾಕ ಚಂದ್ರಾ ತಾನೇ ಬರಾಕ ಹತ್ಯಾಳ. ಕೌಶಲ್ಯಾಗ ಮನ್ಯಾಗಲ್ಲ, ಬಸ್ಸಿನಾಗ ಕೈಗಿ ಕೊಡತಾಳ. ಈ ದಾರಿಲೆ ಇದೇ ಕಡೀ ಕಾಗದ. ಉತ್ತರ ಬರೀಬ್ಯಾಡ.

ಸಂಕ್ರಾಂತಿ ಬಂತು, ಎಳ್ಳು ಬೆಲ್ಲ ತಿನ್ನು. ಒಳ್ಳೇ ಮಾತಾಡಾಕ ಯಾರೂ ಇಲ್ಲಂದ್ರ ಕನ್ನಡಿ ಮುಂದ ನಿಂತು ನಿನಗ ನೀನೇ ಆಡಿಕೋ. ಮುತ್ತೈದಿಯಾಗಿ ಬಾಳು ಅಂತ ಬರಿಯಾಕ ಹೋಗಿದ್ದೆ, ಕೈ ತಡೀತು. ಬಾಳು, ದೇವಿಕಾ. ಬರೇ ಬಾಳು.

ಇಂತಿ ನಿನ್ನ ಅತ್ತಿ,
ಶಕುಂತಲಾಬಾಯಿ

ತಾ.ಕ.: ಹೋಗೋ ದಿನ ನೀ ಕೇಳಿದ್ದಿ, "ನಿಮಗೊಬ್ಬರಿಗಾದ್ರೂ ಊರ ಹೆಸರು ಹೇಳಿ ಹೋಗಲೇನ್ರಿ ಅತ್ತಿ?" ಅಂತ. ನಾ ಎರಡೂ ಕಿವಿ ಮುಚ್ಚಿಕೊಂಡು ದನದ ಕೊಟಿಗಿಗಿ ಓಡಿ ಹೋದೆ, ನೀ ನಕ್ಕಿ. ನಮ್ಮತ್ತಿ ಭಾಳ ಗಟ್ಟಿ ಅಂದ್ಕೊಂಡಿರಬೇಕು. ಗಟ್ಟಿ ಅಲ್ಲವ್ವ. ಅವ ಹೊಡದ್ರ ನಾ ಹೇಳಂಗಿಲ್ಲ, ಕೊಂದ್ರೂ ಹೇಳಂಗಿಲ್ಲ. ನಿನ್ನಿ ಸಂಜೀಕ ಜಗಲಿ ಮುಂದ ಕುಂತು ಅತ್ತ. ಸಣ್ಣಾಂವ ಇದ್ದಾಗ ಅಳತಿದ್ನಲ್ಲ, ಹಂಗೇ, ಮುಂಗೈಲೆ ಮೂಗು ಒರಸಿಕೋತ. ನಿನ್ನ ಊರು ಗೊತ್ತಿದ್ದಿದ್ರ ಹೇಳಿಬಿಡತಿದ್ದೆ.