ವಾರವಾರ ಬರುವವರ ಮೇಜು

ಪ್ರೀತಿಯ ಅಣ್ಣ,

ಈ ಶನಿವಾರ ನಾನೂ ನನ್ನ ಗಂಡ ಓರ್ಹಾನನೂ ಇಲ್ಲಿ ಜರ್ಮನಿಯ ಮೋಸೆಲ್ ನದಿಯ ದಂಡೆಯ ಒಂದು ಹಳ್ಳಿಗೆ ಬಂದಿದ್ದೇವೆ. ಹೋಟೆಲಿನಲ್ಲಿ ಖಾಲಿಯಿದ್ದ ದೊಡ್ಡ ಮೇಜಿಗೆ ಕೂತೆವು. ಊರಿನ ಮುದುಕರು ಬಂದು ಏಳಿ ಎಂದರು. ನೀನು ಕಳಿಸುವ ಕಾರ್ಮಿಕ ಸಂಘದ ಕರಪತ್ರಗಳ ಮಾತುಗಳೆಲ್ಲ ನನ್ನ ಬಾಯಿಗೆ ಬಂದವು.

"ತುರ್ಕಿಯವರು ಅಂತ ಎಬ್ಬಿಸ್ತೀರಾ? ನಿಮ್ಮ ಕಾರ್ಖಾನೆ ನಡೆಸೋರು ನಾವು. ಏಳಲ್ಲ!"

"ಸುಮ್ನಿರೇ ಮಾರಾಯ್ತಿ, ಸೂಪ್ ಆರ್ತಿದೆ," ಎಂದು ಓರ್ಹಾನ್ ಬಟ್ಟಲು ಹಿಡಿದು ಎದ್ದೇಬಿಟ್ಟ.

ಹಿರಿಯ ಮುದುಕ ನಕ್ಕ. "ಮಗಳೇ, ಇದು ವಾರವಾರ ಬರೋರ ಮೇಜು. ನಮ್ಮ ಪಾದ್ರಿನೂ ಎಬ್ಬಿಸಿದ್ದೀವಿ. ಪ್ರತಿ ಶನಿವಾರ ಬರೋದಾದ್ರೆ ಕೂತ್ಕೋ."

"ಬರ್ತೀವಿ!" ಎಂದೆ.

ಓರ್ಹಾನನ ಕೆಮ್ಮು ಹೋಗಿದೆ, ಅಮ್ಮನಿಗೆ ಹೇಳು. ಮುಂದಿನ ಶನಿವಾರ ನನಗೆ ಸಮುದ್ರ ತೋರಿಸಲು ಅವನು ಟಿಕೆಟ್ ತೆಗೆದಿಟ್ಟಿದ್ದನಂತೆ. ಗೆದ್ದ ಜಾಗ ಬಿಟ್ಟುಕೊಡಲಾದೀತೇ?

ಅವಸರದಲ್ಲಿ,
ಗುಲ್ತೆನ್