ಬ್ಯಾರೆ ಗೂಡಿನ ವಾಸನಿ

ಮಹದೇವಪುರ, ಬೆಂಗಳೂರು
14-8-2011, ಐತವಾರ

ನಮ್ಮ ಶೇಖಕ್ಕಗ ತಮ್ಮ ಬಸಲಿಂಗನ ನಮಸ್ಕಾರ.

ಹ್ಯಾಂಗದಿ ಅಕ್ಕಾ? ಜ್ವರ ಪೂರಾ ಬಿಡ್ತಾ? ಎದಿ ಬಾವು ಇಳೀತಾ? ಫೋನಿನಾಗ ಕೇಳಾಕ ಆಗಂಗಿಲ್ಲ, ಅದು ಯಾವಾಗಲೂ ಮಾವನ ಕಿಸ್ಯಾಗ ಇರ್ತದ, ನಿನ್ನ ಕೈಗೆ ಕೊಟ್ರೂ ಬಾಜೂಕ ನಿಂತು ಕೇಳ್ತಾನ. ಅದಕ್ಕ ಊರಿಗೆ ಹೊಂಟ ಬಾಜೂ ರೂಮಿನ ಮರೆಪ್ಪನ ಕೈಯಾಗ ಈ ಕಾಗದ ಕೊಡ್ಲಿಕತ್ತೀನಿ. ಒಬ್ಬಾಕಿನೇ ಇದ್ದಾಗ ಓದು.

ಕೂಸು ಚೆಂದ ಅದ. ಮದಲ ಇದನ್ನೇ ಬರೀಬೇಕಿತ್ತು, ಬೈಬ್ಯಾಡ. ನೀ ಜ್ವರದಾಗ ಖಬರಿಲ್ಲದಂಗ ಬಿದ್ದಾಗ 'ಮೂರನೇದೂ ಹೆಣ್ಣು, ಮುತ್ತಣ್ಣಗ ಮಕ್ಕಳಿಲ್ಲ, ಅವರೇ ಸಾಕ್ಲಿ' ಅಂತ ಕೂಸಿನ ಅಪ್ಪ ಆಗಿ ಮಾವನೇ ಎತ್ತಿ ಕೊಟ್ಟುಬಿಟ್ಟ. ನಿನ್ನ ಹಳೇ ಸೀರಿ ತುಂಡಿನಾಗ ಸುತ್ತಿಕೊಂಡು ನಮ್ಮ ಅಣ್ಣ ಮುತ್ತಣ್ಣ, ಸವಿತತ್ತಿಗಿ ಇಬ್ಬರೂ ಇಲ್ಲಿಗೆ ತಂದ್ರು. ಆ ತುಂಡು ಒಗದು ಒಣಹಾಕಿದ ದಿನ ಕೂಸು ಅತ್ತದ್ದು ಅಷ್ಟಿಷ್ಟಲ್ಲ. ಈಗ ಅತ್ತಿಗಿ ಕುತ್ತಿಗಿಗೆ ಮೂಗು ಒತ್ತಿಕೊಂಡು ಮಲಗ್ತದ. 'ಬಸಲಿಂಗಾ, ನೋಡೋ, ನಿನ್ನಂಗೇ ಒಂದು ಕಡೆ ಇರಂಗಿಲ್ಲ ಇದು' ಅಂತ ನಗ್ತಾಳ. ಕೂಸಿಗಾಗಿ ಗಾರ್ಮೆಂಟ್ಸ್ ಕೆಲಸ ಬಿಟ್ಟಾಳ. ಅಕಿ ಕೆಟ್ಟಾಕಿ ಅಲ್ಲ ಅಕ್ಕಾ. ಕೆಟ್ಟಾಕಿ ಆಗಿದ್ರ ಎಂದೋ ಜಗಳಾಡಿ ಮುಗಸ್ತಿದ್ದೆ. ಕೂಸಿನ್ನ ಅತ್ತಿಗಿ ಉಡ್ಯಾಗ ಹಾಕೋ ದತ್ತಕದ ಶಾಸ್ತ್ರ ಒಂದು ಉಳದದ. ಅದಾದ್ರ ಕೂಸು ಅವರದೇ.

ನಾ ಮತ್ತ ಕೆಲಸ ಬದಲಿಸೀನಿ. ಸೆಕ್ಯುರಿಟಿ ಬಿಟ್ಟು ಈಗ ಬೆಳ್ಳಂದೂರಿನ ಕಡೆ ಒಂದು ಟೆಕ್ ಪಾರ್ಕಿನಾಗ ಗಾರ್ಡನ್ ಕೆಲಸ. ಅಲ್ಲಿಗೆ ಶೈಲಶ್ರೀ ಮೇಡಂ ಅಂತ ಬರ್ತಾರ, ಇರುವಿ ಬಗ್ಗೆ ಓದ್ಲಿಕತ್ತಾರ. ದೊಡ್ಡ ಕರಿ ಇರುವಿ, ಗೂಡಿನ ಬಾಯಿಗೆ ಪುಕ್ಕ, ಒಣ ಎಲಿ ಒಟ್ಟಿಕೊಂಡಿರ್ತಾವ. ಒಂದು ಗೂಡಿಂದು ಇನ್ನೊಂದು ಗೂಡಿನಾಗ ಕಳ್ಳಹೆಜ್ಜಿ ಇಟ್ಟು ಹೋಗಿ ಅಲ್ಲಿಯ ಕೋಶ ಕಚ್ಚಿಕೊಂಡು ಓಡ್ತದ. ಕೋಶ ಅಂದ್ರ ಕಂದು ಚೀಲದಾಗ ಮಲಗಿದ ಅವುಗಳ ಕೂಸು. ಸಿಕ್ಕಿಬಿದ್ರ ಆ ಮನಿಯವು ಕಾಲು ಹಿಡಿದು ಎಳದಾಡ್ತಾವ. ದಕ್ಕಿದ್ರ ಒಯ್ದು ಸಾಕ್ತಾವ, ಚೀಲ ಬಿಟ್ಟು ಹೊರಗ ಬಂದದ್ದು ಆ ಗೂಡಿಗೇ ದುಡೀತದ. ಮೇಡಂ ಇರುವಿ ಬೆನ್ನಿಗೆ ಬಣ್ಣದ ಚುಕ್ಕಿ ಇಟ್ಟಾರ, ಇಲ್ಲಾಂದ್ರ ಯಾವುದು ಮನೀದು, ಯಾವುದು ತಂದದ್ದು ತಿಳಿಯಂಗಿಲ್ಲ. ಚಳಿ ದೇಶದಾಗ ಇನ್ನೂ ಕಠೋರ ಇರುವಿ ಅದಾವಂತ. ರಾಣಿ ಬ್ಯಾರೆ ಗೂಡಿಗೆ ನುಗ್ಗಿ, ಅವರ ವಾಸನಿ ಮೈಗೆ ಹಚ್ಚಿಕೊಂಡು, ಅಲ್ಲಿಯ ರಾಣೀನ ಕೊಂದು, ಅದರ ಮಕ್ಕಳ ಕೈಲೇ ತನ್ನ ಮಕ್ಕಳನ್ನ ಸಾಕಿಸ್ತದಂತ.

'ಕದ್ದು ತಂದದ್ದಕ್ಕ ತನ್ನ ಮನಿ ಗೊತ್ತಾಗಂಗಿಲ್ಲೇನ್ರೀ ಮೇಡಂ?' ಅಂದೆ. 'ಇಲ್ಲ ಕಣಪ್ಪಾ, ಹೊರಗೆ ಬಂದಾಗ ಯಾವ ವಾಸನೆ ಹತ್ತುತ್ತೋ ಅದೇ ಅದರ ಮನೆ. ಆಮೇಲೆ ಹುಟ್ಟಿದ ಗೂಡಿಗೆ ಬಿಟ್ರೂ ಅವು ಹೊರಗಿನದು ಅಂತ ಮೇಲೆ ಬೀಳ್ತವೆ' ಅಂದ್ರು. ಅವತ್ತು ಮನಿಗೆ ಬಂದು ನೋಡಿದ್ರ ಕೂಸು ಅತ್ತಿಗಿ ಸೆರಗು ಹಿಡಕೊಂಡಿತ್ತು. ಆದ್ರ ಅಕ್ಕಾ, ಇರುವಿಗೆ ಎದಿಹಾಲಿಲ್ಲ. ಕೋಶ ಹೋತಂತ ಯಾವ ಇರುವಿಗೂ ಎದಿ ಗಟ್ಟಿಯಾಗಿ ಜ್ವರ ಬರಂಗಿಲ್ಲ. ನೀ ಹೂಂ ಅಂದಿದ್ರ ಮಾತು ಬ್ಯಾರೆ. ನಿನ್ನ ಯಾರೂ ಕೇಳೇ ಇಲ್ಲ.

ಹೊಟ್ಟಿ ತುಂಬ ಉಣ್ಣು. ದೊಡ್ಡ ಹುಡುಗೇರಿಬ್ಬರಿಗೂ ನನ್ನ ಮುತ್ತು ಕೊಡು.

ನಿನ್ನ ತಮ್ಮ,
ಬಸಲಿಂಗ

ತಾ.ಕ.: ಮರೆಪ್ಪ ಬಾಗಲಾಗ ನಿಂತಾನ, ಲಗೂ ಬರೀತೀನಿ. ಶಾಸ್ತ್ರ ದಸರಾ ಆದಮ್ಯಾಲ ಅಂತ ನಿನಗ ಹೇಳ್ಯಾರಲ್ಲ, ಸುಳ್ಳು. ನಾಳೆ ಬಿಟ್ಟು ಮುಂದಿನ ಸೋಮವಾರ ಇಟ್ಟಾರ, ಮಾವ ಒಬ್ಬನೇ ಬರ್ತಾನ. ನಮ್ಮಲ್ಲಿ ಹೆತ್ತಾಕಿನೇ ಕೈಯಾರ ಉಡ್ಯಾಗ ಹಾಕಬೇಕು, ಅಕಿ ಇಲ್ಲಂದ್ರ ಕೂಸಿನ ಸೋದರಮಾವ. ಮುತ್ತಣ್ಣ ಕೂಸು ತಗೊಳ್ಳಾವ, ಉಳದಾವ ನಾನೊಬ್ಬನೇ. 'ನೀ ಹಾಕಿದ್ರ ಮುಗೀತು' ಅಂತಾನ ಅಣ್ಣ. ನಾ ಹಾಕಂಗಿಲ್ಲ. ಮನಿ ಬಿಟ್ಟು ಹೋಗು ಅಂದ್ರೂ ಹಾಕಂಗಿಲ್ಲ. ಅದರ ಹಿಂದಿನ ದಿನ ಐತವಾರ ನೀ ಬಾ, ಮೆಜೆಸ್ಟಿಕ್ಕಿನಾಗ ನಿಂತಿರ್ತೀನಿ. ಕೊಡೂದಾದ್ರ ನೀನೇ ಕೊಡು. ಒಯ್ಯೂದಾದ್ರ ವಾಪಸ್ ಬಸ್ಸಿಗೆ ನಾನೂ ಬರ್ತೀನಿ.